ಬಿರುಕಿನ ಜಾಡಿನಲ್ಲಿ: ಹಂಪಿಯಿಂದ ಆನೆಗೊಂದಿಗೆ

ಹಂಪಿಯ ರಥಬೀದಿ ಪೂರ್ವಕ್ಕೆ ಸಾಗಿ ಮಾತಂಗ ಗುಡ್ಡದ ಬುಡದಲ್ಲಿ ನಿಲ್ಲುತ್ತದೆ. ಅಲ್ಲಿಂದ ಎಡಕ್ಕೆ ಹೊರಳಿದರೆ ತುಂಗಭದ್ರೆಯ ದಂಡೆ ಹಿಡಿದು ಹೋಗುವ ಕಾಲುಹಾದಿ ಸಿಗುತ್ತದೆ. ಕಂಪಭೂಪ ಮಾರ್ಗ ಎಂದು ಅದರ ಹೆಸರು. ಚಕ್ರತೀರ್ಥದ ಕೋದಂಡರಾಮ ಗುಡಿ, ಸುಗ್ರೀವ ಗುಹೆ, ಪುರಂದರ ಮಂಟಪಗಳ ಬಳಿ ಹಾದು ಸುಮಾರು ಎರಡು ಕಿಲೋಮೀಟರ್ ನಡೆದರೆ ವಿಠ್ಠಲ ದೇವಾಲಯ. ಇನ್ನಷ್ಟು ಮುಂದಕ್ಕೆ ತಳವಾರಘಟ್ಟ. ಅಲ್ಲಿ ಹೊಳೆ ದಾಟಿದರೆ ಆನೆಗೊಂದಿ. ಈಚೆ ದಡ ವಿಜಯನಗರ ಜಿಲ್ಲೆ, ಆಚೆ ದಡ ಕೊಪ್ಪಳ ಜಿಲ್ಲೆ.

ಈ ದಾರಿಯನ್ನು ಹೆಚ್ಚಿನವರು ಇತಿಹಾಸಕ್ಕಾಗಿ ನಡೆಯುತ್ತಾರೆ. 1336ರಲ್ಲಿ ಹುಟ್ಟಿ, 1565ರ ಯುದ್ಧದ ನಂತರ ಹಾಳುಬಿದ್ದ ರಾಜಧಾನಿಯೊಂದು ಹೆಜ್ಜೆಹೆಜ್ಜೆಗೂ ಎದುರಾಗುವಾಗ ಅದು ಸಹಜವೇ. ಆದರೆ ಆ ರಾಜಧಾನಿಗಿಂತ ಬಹಳ ಹಿಂದಿನದು, ಅದನ್ನು ಕಟ್ಟಲು ಸಾಧ್ಯವಾಗಿಸಿದ್ದು, ಇದೇ ದಾರಿಯುದ್ದಕ್ಕೂ ನಮ್ಮ ಕಣ್ಣೆದುರೇ ಇದೆ. ಅದು ಕಲ್ಲಿನ ಬಿರುಕು. ಹೊಳೆ ಯಾವ ದಿಕ್ಕಿಗೆ ಹರಿಯಿತು, ಗುಡ್ಡ ಎಲ್ಲಿ ಉಳಿಯಿತು, ಕಾಲುಹಾದಿ ಎಲ್ಲಿ ಬಳಸಿಕೊಂಡು ಹೋಯಿತು, ಮಂಟಪದ ಕಂಬಗಳ ನಡುವೆ ಎಷ್ಟು ಅಂತರ ಬಿತ್ತು, ನೀರುನಾಯಿ ಎಲ್ಲಿ ಮರಿ ಹಾಕಿತು ಎಂಬುದನ್ನೆಲ್ಲ ಬಹುಮಟ್ಟಿಗೆ ತೀರ್ಮಾನಿಸಿದ್ದು ಈ ಬಿರುಕುಗಳು. ಈ ಅಧ್ಯಾಯದಲ್ಲಿ ನಾವು ಅವುಗಳ ಜಾಡು ಹಿಡಿದು ನಡೆಯೋಣ.

ನೆಲದಾಳದಿಂದ ಬಂದ ಕಲ್ಲು

ಹಾದಿ ಶುರುವಾದ ಸ್ವಲ್ಪ ಹೊತ್ತಿನಲ್ಲೇ ಯಾವುದಾದರೂ ಬಂಡೆಯ ಹೊಸದಾಗಿ ಒಡೆದ ಮೈಯನ್ನು ಹತ್ತಿರದಿಂದ ನೋಡಿ. ನಸುಗೆಂಪು ಅಥವಾ ಬೂದು ಬಣ್ಣದ, ಬಿಸಿಲಿಗೆ ಥಳಕು ಹೊಡೆಯುವ ಹರಳುಗಳು ಫೆಲ್ಡ್‌ಸ್ಪಾರ್. ಅವುಗಳ ನಡುವೆ ಗಾಜಿನಂತೆ ಮಸುಕಾಗಿ ಕಾಣುವುದು ಬೆಣಚು. ಅಲ್ಲಲ್ಲಿ ಚುಕ್ಕಿ ಇಟ್ಟ ಹಾಗೆ ಕಪ್ಪು ಅಭ್ರಕ. ಈ ಮೂರೂ ಸೇರಿದ್ದು ಗ್ರಾನೈಟ್, ನಮ್ಮ ಕಣಶಿಲೆ. ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡದಾಗಿವೆ ಎಂಬುದೇ ಈ ಕಲ್ಲಿನ ಹುಟ್ಟಿಗೆ ಸಾಕ್ಷಿ. ಕರಗಿದ ಶಿಲಾರಸ ನೆಲದ ಮೇಲೆ ಹರಿದಿದ್ದರೆ ಬೇಗ ಆರಿ, ಹರಳು ಬೆಳೆಯಲು ಸಮಯವೇ ಸಿಗುತ್ತಿರಲಿಲ್ಲ. ಇದು ಹಲವು ಕಿಲೋಮೀಟರ್ ಆಳದಲ್ಲಿ, ಸುಮಾರು 250 ಕೋಟಿ ವರ್ಷಗಳ ಹಿಂದೆ, ಬಹಳ ನಿಧಾನವಾಗಿ ಆರಿ ಗಟ್ಟಿಯಾದ ಕಲ್ಲು. ಆಗ ಭೂಮಿಯ ಮೇಲೆ ಗಿಡವೂ ಇರಲಿಲ್ಲ, ಪ್ರಾಣಿಯೂ ಇರಲಿಲ್ಲ. ಇದ್ದದ್ದು ಸೂಕ್ಷ್ಮಜೀವಿಗಳು ಮಾತ್ರ.

ಆಳದಲ್ಲಿದ್ದ ಕಲ್ಲಿನ ಮೇಲೆ ಎಷ್ಟು ಭಾರವಿತ್ತು? ಒಂದು ಕಿಲೋಮೀಟರ್ ದಪ್ಪದ ಬಂಡೆ ತನ್ನ ಕೆಳಗಿನದನ್ನು ಒತ್ತುವ ಬಲ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 260 ಪಟ್ಟು. ಹಲವು ಕಿಲೋಮೀಟರ್ ದಪ್ಪದ ಹೊದಿಕೆ ಕೋಟಿಗಟ್ಟಲೆ ವರ್ಷ ಮಳೆಗಾಳಿಗೆ ಸವೆದು ಹೋದಂತೆ ಆ ಒತ್ತಡ ಇಳಿಯಿತು. ಒತ್ತಿ ಹಿಡಿದದ್ದು ಬಿಟ್ಟಾಗ ಕಲ್ಲು ತುಸು ಹಿಗ್ಗುತ್ತದೆ. ಹಿಗ್ಗಿದ ಕಲ್ಲು ನೆಲದ ಮೇಲ್ಮೈಗೆ ಸಮಾನಾಂತರವಾಗಿ ಪದರುಪದರಾಗಿ ಬಿಡಿಸಿಕೊಳ್ಳುತ್ತದೆ. ಹಂಪಿಯ ಹೇಮಕೂಟ ಗುಡ್ಡದ ಮೇಲೆ ನಾವು ಆರಾಮಾಗಿ ಕೂರುವ ಹಾಸುಬಂಡೆಗಳು ಹೀಗೆ ಬಿಡಿಸಿಕೊಂಡ ಪದರುಗಳು. ಇವುಗಳ ಜೊತೆಗೆ, ಕಲ್ಲು ಆರಿ ಕುಗ್ಗುವಾಗ ಮತ್ತು ಭೂಮಿಯ ಹೊರಪದರ ಅತ್ತಿತ್ತ ಎಳೆದಾಡಿದಾಗ ಬಿದ್ದ ನೆಟ್ಟನೆಯ ಸೀಳುಗಳೂ ಇವೆ. ಒಂದು ಗುಂಪು ಅಡ್ಡ, ಒಂದು ಗುಂಪು ಉದ್ದ. ಮೂರೂ ಕೂಡಿದಾಗ ಇಡೀ ಬಂಡೆಸ್ತರ ಬಿಡಿಬಿಡಿ ಚೌಕಗಳಾಗಿ ವಿಭಾಗವಾಯಿತು. ನೆಲದಡಿ ಇದ್ದಾಗಲೇ ಹೀಗಾಗಿತ್ತು.

ಚೌಕವಿದ್ದದ್ದು ಗುಂಡಾದ ಬಗೆ

ಆದರೆ ಇಲ್ಲಿ ಕಾಣುವುದು ಚೌಕಗಳಲ್ಲವಲ್ಲ! ಒಂದರ ಮೇಲೊಂದು ಪೇರಿಸಿಟ್ಟ ಉರುಟು ಗುಂಡುಗಳು. ಈಗ ಬೀಳುತ್ತದೆ, ಇನ್ನೊಂದು ಕ್ಷಣಕ್ಕೆ ಉರುಳುತ್ತದೆ ಎನಿಸುವಂಥವು. ವಾಲಿ ಸುಗ್ರೀವರ ಕಾದಾಟದಲ್ಲಿ ಎಸೆದಾಡಿದ ಕಲ್ಲುಗಳಿವು ಎಂದು ಈ ಸೀಮೆಯ ಜನ ಹೇಳುತ್ತ ಬಂದಿದ್ದಾರೆ. ಕಿಷ್ಕಿಂಧೆಯ ನೆಲದಲ್ಲಿ ನಿಂತು ಈ ರಾಶಿಯನ್ನು ನೋಡಿದವರಿಗೆ ಯಾರೋ ಇವನ್ನು ಎತ್ತಿ ಇಟ್ಟಿರಲೇಬೇಕು ಎನಿಸುವುದು ಸಹಜ. ಆದರೆ ಈ ಗುಂಡುಗಳನ್ನು ಯಾರೂ ಎತ್ತಿಟ್ಟದ್ದಲ್ಲ. ಅವು ಹುಟ್ಟಿದ ಜಾಗದಲ್ಲೇ ಇವೆ. ಸುತ್ತಲಿದ್ದದ್ದು ಹೋಗಿದೆ.

ಮಳೆನೀರು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು, ಮಣ್ಣಿಗಿಳಿದ ಮೇಲೆ ಬೇರುಗಳೂ ಜೀವಾಣುಗಳೂ ಬಿಡುವ ಅದೇ ಅನಿಲವನ್ನು ಕರಗಿಸಿಕೊಂಡು ತುಸು ಆಮ್ಲೀಯವಾಗುತ್ತದೆ. ಆ ನೀರು ಬಿರುಕಿಗಿಳಿದು ಫೆಲ್ಡ್‌ಸ್ಪಾರನ್ನು ಜೇಡಿಯಾಗಿ ಬದಲಿಸುತ್ತದೆ. ಬೆಣಚು ಮಾತ್ರ ಜಗ್ಗುವುದಿಲ್ಲ. ಹಿಡಿದುಕೊಂಡಿದ್ದ ಫೆಲ್ಡ್‌ಸ್ಪಾರ್ ಸಡಿಲಾದಾಗ ಬೆಣಚು ಕಾಳುಕಾಳಾಗಿ ಉದುರುತ್ತದೆ. ಹಾದಿಯಲ್ಲಿ ಕಾಲಡಿ ಕರಕರ ಎನ್ನುವ ಗರಸು ಅದೇ. ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿ ನೋಡಿ. ಮೊನಚಾಗಿ ಚುಚ್ಚುವುದು ಬೆಣಚು, ಪುಡಿಯಾಗಿ ಬೆರಳಿಗೆ ಮೆತ್ತುವುದು ಸತ್ತ ಫೆಲ್ಡ್‌ಸ್ಪಾರ್. ಎದುರಿನ ಬಂಡೆಯ ಕಾಲಾನಂತರದ ಸ್ಥಿತಿ ನಿಮ್ಮ ಬೆರಳ ತುದಿಯಲ್ಲೇ ಇರುತ್ತದೆ.

ಈಗ ಒಂದು ಚೌಕದ ಕಲ್ಲನ್ನು ಊಹಿಸಿಕೊಳ್ಳಿ. ಸಪಾಟು ಮೈಗೆ ನೀರು ಒಂದು ಬದಿಯಿಂದ ತಗಲುತ್ತದೆ. ಅಂಚಿಗೆ ಎರಡು ಬದಿಯಿಂದ. ಮೂಲೆಗೆ ಮೂರು ಬದಿಯಿಂದ. ಹಾಗಾಗಿ ಮೂಲೆ ಮೊದಲು ಕರಗುತ್ತದೆ, ಅಂಚು ಆಮೇಲೆ, ಮೈ ಕೊನೆಗೆ. ಅಚ್ಚುಬೆಲ್ಲವನ್ನು ನೀರಿಗೆ ಹಾಕಿದಾಗ ಅದರ ಮೂಲೆಗಳು ಮೊದಲು ಕರಗಿ, ತುಂಡು ಉರುಟಾಗುತ್ತ ಹೋಗುವುದಕ್ಕೂ ಇದೇ ಕಾರಣ. ನೆಲದಡಿಯೇ ಹೀಗೆ ಗುಂಡಗಾದ ತಿರುಳುಗಳು ಗರಸಿನ ನಡುವೆ ಹುದುಗಿದ್ದವು. ಮಳೆ, ಹೊಳೆ ಗರಸನ್ನು ತೊಳೆದುಕೊಂಡು ಹೋದಮೇಲೆ ತಿರುಳುಗಳಷ್ಟೇ ಉಳಿದವು, ಒಂದರ ಮೇಲೊಂದು ಕೂತವು. ಬಿರುಕು ಒತ್ತಾಗಿದ್ದ ಕಡೆ ಕಲ್ಲೆಲ್ಲ ಗರಸಾಗಿ ತೊಳೆದುಹೋಗಿ ಕಣಿವೆಯಾಯಿತು. ಬಿರುಕು ವಿರಳವಾಗಿದ್ದ ಕಡೆ ಗುಡ್ಡ ಉಳಿಯಿತು. ಸುಗ್ರೀವ ಗುಹೆಯನ್ನು ಯಾರೂ ಕೊರೆದದ್ದಲ್ಲ. ದೊಡ್ಡ ಬಂಡೆಗಳು ಒಂದಕ್ಕೊಂದು ಒರಗಿದಾಗ ಉಳಿದ ಜಾಗವೇ ಅದು.

ಈ ಕೆಲಸ ಮುಗಿದಿಲ್ಲ. ಹಂಪಿಯ ಬೇಸಿಗೆ ಹಗಲು ಬಂಡೆಯನ್ನು ಕೈ ಇಡಲಾಗದಷ್ಟು ಕಾಯಿಸುತ್ತದೆ, ರಾತ್ರಿ ಅದು ಆರುತ್ತದೆ. ಗ್ರಾನೈಟ್ ಒಂದು ಡಿಗ್ರಿ ಬಿಸಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಎಂಟು ಪಾಲಿನಷ್ಟು ಹಿಗ್ಗುತ್ತದೆ. ಹತ್ತು ಮೀಟರಿನ ಹಾಸುಬಂಡೆಯ ಮೇಲ್ಮೈ 30 ಡಿಗ್ರಿ ಕಾದರೆ ಎರಡೂವರೆ ಮಿಲಿಮೀಟರಿನ ಹತ್ತಿರ ಉದ್ದವಾಗಬೇಕು. ಒಳಗಿನ ಕಲ್ಲು ಅಷ್ಟು ಕಾಯುವುದಿಲ್ಲ. ಹೊರಗಿನದು ಎಳೆಯುತ್ತದೆ, ಒಳಗಿನದು ಬಿಡುವುದಿಲ್ಲ. ಅಮೆರಿಕದ ಯೊಸೆಮಿಟಿ ಕಣಿವೆಯಲ್ಲಿ ಗ್ರಾನೈಟ್ ಗೋಡೆಯಿಂದ ತುಸು ಬಿಟ್ಟುಕೊಂಡ ಹಾಳೆಯೊಂದರ ಹಿಂದೆ ಉಪಕರಣವಿಟ್ಟು ಅಳೆದ ಭೂವಿಜ್ಞಾನಿಗಳು, ಅದು ದಿನವೂ ಒಂದು ಸೆಂಟಿಮೀಟರ್‌ವರೆಗೆ ತೆರೆದು ಮುಚ್ಚುವುದನ್ನು ಕಂಡರು. 2016ರಲ್ಲಿ ಪ್ರಕಟವಾದ ಈ ಅಧ್ಯಯನ ತೋರಿಸಿಕೊಟ್ಟದ್ದು ಇಷ್ಟು: ಬಿಸಿಲೊಂದೇ ಸಾಕು, ಬಿರುಕು ಬೆಳೆಯಲು.

ಹೊಳೆ ಹಿಡಿದ ದಿಕ್ಕು

ಚಕ್ರತೀರ್ಥದ ಬಳಿ ತುಂಗಭದ್ರೆ ಬಂಡೆಗಳ ನಡುವೆ ಇಕ್ಕಟ್ಟಾಗಿ ಉತ್ತರಕ್ಕೆ ಹೊರಳುತ್ತದೆ. ಮಣ್ಣಿನ ಬಯಲಿನಲ್ಲಿ ಹರಿಯುವ ನದಿ ತನ್ನಿಷ್ಟದಂತೆ ಬಳುಕಬಹುದು. ಇಲ್ಲಿ ಆ ಸ್ವಾತಂತ್ರ್ಯವಿಲ್ಲ. ಮಾತಂಗದ ಮೇಲೆ ನಿಂತು ನೋಡಿದರೆ ಗುಡ್ಡಗಳ ಸಾಲು, ಅವುಗಳ ನಡುವಿನ ಹಸಿರು ಕಣಿವೆ, ನದಿ ಎಲ್ಲವೂ ಬಹುಮಟ್ಟಿಗೆ ನೈಋತ್ಯದಿಂದ ಈಶಾನ್ಯಕ್ಕೆ ಚಾಚಿರುವುದು ತಿಳಿಯುತ್ತದೆ. ಕಲ್ಲಿನ ಮುಖ್ಯ ಸೀಳುಗಳ ದಿಕ್ಕೂ ಅದೇ.

ಗಟ್ಟಿ ಬಂಡೆಯನ್ನು ನದಿ ಎರಡು ಬಗೆಯಲ್ಲಿ ಕಡಿಯುತ್ತದೆ. ಒಂದು, ಮರಳು ಬೆಣಚುಗಳನ್ನು ಹೊತ್ತು ತಂದು ಉಜ್ಜುವುದು. ಇದರ ಗುರುತು ಹೊಳೆಯ ಪಾತ್ರದ ಬಂಡೆಗಳ ಮೇಲಿನ ದುಂಡನೆಯ ಗುಳಿಗಳು. ಸಣ್ಣ ತಗ್ಗಿಗೆ ಬಿದ್ದ ಕಲ್ಲು ಸುಳಿಗೆ ಸಿಕ್ಕಿ ಅಲ್ಲೇ ಸುತ್ತುತ್ತ, ಮಳೆಗಾಲ ಮಳೆಗಾಲಕ್ಕೂ ಗುಳಿಯನ್ನು ಆಳಗೊಳಿಸುತ್ತದೆ. ಇನ್ನೊಂದು, ಬಿರುಕಿನ ಸುತ್ತಲೂ ಸಡಿಲವಾದ ತುಂಡನ್ನು ಪ್ರವಾಹ ಇಡಿಯಾಗಿ ಕಿತ್ತು ಒಯ್ಯುವುದು. ಎರಡನೆಯದು ಬಹಳ ವೇಗದ ಕೆಲಸ. ಬಿರುಕು ಎತ್ತ ಸಾಗಿದೆಯೋ ಅತ್ತ ಕಲ್ಲು ಬೇಗ ಕಿತ್ತುಬರುತ್ತದೆ, ನೀರು ಅತ್ತಲೇ ನುಗ್ಗುತ್ತದೆ. ನದಿಯ ತಿರುವು ಬಿರುಕಿನ ನಕ್ಷೆಯಾಗುವುದು ಹೀಗೆ. ನಾವು ನಡೆಯುವ ಹಾದಿ ಆ ತಿರುವುಗಳನ್ನೇ ಅನುಸರಿಸುತ್ತದೆ.

ಈ ಕಲ್ಲಿನ ಸ್ವಭಾವ ಅರಿತೇ ವಿಜಯನಗರದವರು ನೀರಾವರಿ ಮಾಡಿದರು. ನದಿಯ ಪಾತ್ರದಲ್ಲಿ ಸಹಜವಾಗಿ ನಿಂತ ಬಂಡೆಗಳ ನಡುವಿನ ಸಂದುಗಳನ್ನಷ್ಟೇ ಕಲ್ಲಿಟ್ಟು ಮುಚ್ಚಿ, ಒಡ್ಡು ಕಟ್ಟಿ, ನೀರನ್ನು ಕಾಲುವೆಗೆ ತಿರುಗಿಸಿದರು. ಹೀಗೆ ಬಂದ ತುರ್ತು ಕಾಲುವೆ ಇಂದಿಗೂ ಗುಡ್ಡಸಾಲಿನ ಹಿಂದಿನ ಕಣಿವೆಯಲ್ಲಿ ಬಾಳೆ, ಭತ್ತ, ಕಬ್ಬಿಗೆ ನೀರುಣಿಸುತ್ತಿದೆ. ಇಡೀ ನದಿಗೆ ಅಡ್ಡಲಾಗಿ ಹೊಸಪೇಟೆಯ ಬಳಿ ದೊಡ್ಡ ಅಣೆಕಟ್ಟು ಎದ್ದದ್ದು 1953ರಲ್ಲಿ. ಅಲ್ಲಿಂದ ಮುಂದೆ ಈ ಹಾದಿಯ ಪಕ್ಕದ ನೀರಿನ ಮಟ್ಟ ಮಳೆಯೊಂದನ್ನೇ ಅವಲಂಬಿಸಿಲ್ಲ, ಜಲಾಶಯದ ಗೇಟುಗಳನ್ನೂ ಅವಲಂಬಿಸಿದೆ. ಗೇಟು ತೆರೆದ ವರ್ಷ ಪುರಂದರ ಮಂಟಪ ಮುಳುಗುತ್ತದೆ, ದಂಡೆಯ ಹಾಸುಬಂಡೆಯ ಮೇಲೆ ಕೆತ್ತಿದ ಕೋಟಿಲಿಂಗಗಳು ನೀರಿನಡಿ ಹೋಗುತ್ತವೆ. ನೀರಿಳಿದ ಮೇಲೆ ಮಂಟಪ ನಿಂತೇ ಇರುತ್ತದೆ. ಅದಕ್ಕೆ ಗೋಡೆಯಿಲ್ಲ. ಕಂಬಗಳ ನಡುವೆ ನೀರು ಹಾದುಹೋಗುವುದರಿಂದ ಪ್ರವಾಹದ ಒತ್ತಡ ಕಟ್ಟಡದ ಮೇಲೆ ಪೂರ್ತಿ ಬೀಳುವುದಿಲ್ಲ. ಕಂಬಗಳ ಕೆಳಗೆ ಬಂಡೆಯೇ ಇದೆ.

ಕಲ್ಲುಕುಟಿಗರು ಓದಿದ ಕಲ್ಲು

ಹಾದಿಯ ಬದಿಯ ಹಲವು ಬಂಡೆಗಳ ಮೇಲೆ ಸಾಲಾಗಿ ಕೊರೆದ ಆಯತಾಕಾರದ ಗುಳಿಗಳಿವೆ. ಒಂದೊಂದೂ ಬೆರಳು ತೂರಿಸುವಷ್ಟು, ಒಂದರ ಪಕ್ಕ ಒಂದು, ನೂಲು ಹಿಡಿದಷ್ಟು ನೇರ. ಕೆಲವು ಬಂಡೆಗಳು ಅದೇ ಸಾಲಿನಲ್ಲಿ ಸೀಳಿವೆ. ಅರ್ಧ ಕಲ್ಲು ಹೋಗಿದೆ, ಉಳಿದರ್ಧದ ಅಂಚಿನಲ್ಲಿ ಗುಳಿಗಳ ಅರ್ಧ ಗುರುತು ಹಲ್ಲಿನ ಸಾಲಾಗಿ ಉಳಿದಿದೆ. ಇನ್ನು ಕೆಲವು ಸೀಳದೆ ಹಾಗೇ ಬಿಟ್ಟುಹೋದವು.

ಚಾಣದಿಂದ ಗುಳಿ ತೋಡಿ, ಬೆಣೆ ಜಡಿದು ಬಂಡೆಯನ್ನು ಸೀಳುವ ವಿದ್ಯೆಯಿದು. ಆನೆಗಾತ್ರದ ಕಲ್ಲು ಇಷ್ಟು ಸಣ್ಣ ಬೆಣೆಗಳಿಗೆ ಒಡೆಯುವುದಾದರೂ ಹೇಗೆ? ಗ್ರಾನೈಟಿನ ಗುಟ್ಟು ಇಲ್ಲಿದೆ. ಒತ್ತುವ ಬಲವನ್ನು ಅದು ಎಷ್ಟು ತಡೆಯುತ್ತದೋ, ಎಳೆಯುವ ಬಲವನ್ನು ಅದರ ಹತ್ತನೆಯ ಒಂದರಿಂದ ಇಪ್ಪತ್ತನೆಯ ಒಂದು ಪಾಲಿನಷ್ಟು ಮಾತ್ರ ತಡೆಯುತ್ತದೆ. ಬೆಣೆ ಗುಳಿಯ ಎರಡೂ ಗೋಡೆಗಳನ್ನು ಅತ್ತಿತ್ತ ತಳ್ಳುತ್ತದೆ. ಅಂದರೆ ಕಲ್ಲನ್ನು ಅದು ಅತಿ ದುರ್ಬಲವಾಗಿರುವ ರೀತಿಯಲ್ಲಿ ಎಳೆಯುತ್ತದೆ. 1921ರಲ್ಲಿ ಬ್ರಿಟನ್ನಿನ ಎಂಜಿನಿಯರ್ ಗ್ರಿಫಿತ್ ಇದಕ್ಕೆ ಗಣಿತದ ಆಧಾರ ಕೊಟ್ಟರು. ಬಿರುಕಿನ ಚೂಪಾದ ತುದಿಯಲ್ಲಿ ಬಲ ಒಟ್ಟುಗೂಡುತ್ತದೆ. ಬಿರುಕು ಉದ್ದವಾದಷ್ಟೂ ಅದನ್ನು ಮುಂದೊತ್ತಲು ಬೇಕಾದ ಬಲ ಕಡಿಮೆಯಾಗುತ್ತದೆ. ಹಾಗಾಗಿ ಮೊದಲ ಕೂದಲೆಳೆಯ ಸೀಳು ಒಂದು ಗುಳಿಯಿಂದ ಪಕ್ಕದ ಗುಳಿಗೆ ಸೇರಿತೆಂದರೆ ಉಳಿದದ್ದು ತಾನಾಗಿ ಸೀಳುತ್ತದೆ. ಗಣಿತ ಬಂದದ್ದು ಆಮೇಲೆ. ಅದಕ್ಕೆ ನಾನೂರು ವರ್ಷ ಮುಂಚೆಯೇ ಇಲ್ಲಿಯ ಕಲ್ಲುಕುಟಿಗರ ಕೈಗೆ ಈ ಜ್ಞಾನ ಗೊತ್ತಿತ್ತು. ಸಹಜ ಪದರಿಗೆ ಸಮಾನಾಂತರವಾಗಿ ಸೀಳಿದರೆ ಶ್ರಮ ಕಡಿಮೆ ಎಂಬುದೂ ಗೊತ್ತಿತ್ತು.

ಇದೇ ದೌರ್ಬಲ್ಯ ಕಟ್ಟಡದ ರೂಪವನ್ನೂ ನಿರ್ಧರಿಸಿತು. ಎರಡು ಕಂಬಗಳ ಮೇಲೆ ಅಡ್ಡ ಇಟ್ಟ ಕಲ್ಲಿನ ತೊಲೆ ಭಾರಕ್ಕೆ ಬಾಗಲು ನೋಡಿದಾಗ ಮೇಲಿನ ಮೈ ಒತ್ತಲ್ಪಡುತ್ತದೆ, ಕೆಳಗಿನ ಮೈ ಎಳೆಯಲ್ಪಡುತ್ತದೆ. ತೊಲೆ ಉದ್ದವಾದರೆ ಕೆಳಗಿನಿಂದ ಬಿರುಕು ಬಿಡುತ್ತದೆ. ಆದ್ದರಿಂದ ತೊಲೆ ಗಿಡ್ಡವಿರಬೇಕು, ಕಂಬ ಹತ್ತಿರ ಹತ್ತಿರ ನಿಲ್ಲಬೇಕು. ವಿಜಯನಗರದ ಮಂಟಪಗಳಲ್ಲಿ ಕಂಬಗಳ ಕಾಡೇ ತುಂಬಿರುವುದಕ್ಕೆ ಸೌಂದರ್ಯದೃಷ್ಟಿಯ ಜೊತೆಗೆ ಇದೂ ಕಾರಣ. ವಿಠ್ಠಲ ದೇವಾಲಯಕ್ಕೆ ತುಸು ಮುಂಚೆ ಸಿಗುವ ತುಲಾಭಾರದ ಕಲ್ಲಿನಲ್ಲಿ ಈ ಮಾತನ್ನು ಪರೀಕ್ಷಿಸಿಕೊಳ್ಳಬಹುದು. ಎರಡೇ ಕಂಬ, ಮೇಲೊಂದು ಅಡ್ಡತೊಲೆ. ಅಷ್ಟಗಲದ ತೊಲೆಗೆ ಎಷ್ಟು ದಪ್ಪ ಕೊಟ್ಟಿದ್ದಾರೆ ನೋಡಿ.

ಬಿರುಕಿಲ್ಲದ ಕಲ್ಲಿನ ದನಿ

ಬಿರುಕನ್ನು ಬಳಸಿಕೊಳ್ಳುವವರಿಗೆ ಬಿರುಕಿಲ್ಲದ ಕಲ್ಲನ್ನು ಆರಿಸುವುದೂ ಗೊತ್ತಿರಬೇಕು. ಶಿಲ್ಪಿಗಳು ಇಂದಿಗೂ ಕಲ್ಲನ್ನು ಸುತ್ತಿಗೆಯಿಂದ ತಟ್ಟಿ ಕೇಳುತ್ತಾರೆ. ಠಣ್ ಎಂದರೆ ಒಳಗೆ ಗಟ್ಟಿ. ಬೊದ್ದುದನಿ ಬಂದರೆ ಒಳಗೆಲ್ಲೋ ಸೀಳಿದೆ. ಕಂಪನ ಆ ಸೀಳಿನಲ್ಲಿ ಚದುರಿ ಕಳೆದುಹೋಗುತ್ತದೆ.

ವಿಠ್ಠಲ ದೇವಾಲಯದ ಮಹಾಮಂಟಪದ ಸಪ್ತಸ್ವರ ಕಂಬಗಳು ಈ ಅರಿವಿನ ತುತ್ತತುದಿ. ಕಲ್ಪಾಕ್ಕಮ್‌ನ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಲ್ಲಿಗೆ ಹಾನಿಯಾಗದ ವಿಧಾನಗಳಿಂದ ಇವನ್ನು ಪರೀಕ್ಷಿಸಿದ್ದಾರೆ. ಕಂಬಗಳ ಒಳಗೆ ಟೊಳ್ಳಿಲ್ಲ, ಅವು ಗಟ್ಟಿ ಕಲ್ಲು. ತಟ್ಟಿದಾಗ ತೆಳುಗಂಬ ಬಾಗಿ ಬಳುಕಿ ಕಂಪಿಸುತ್ತದೆ. ಅದರ ಉದ್ದ ಮತ್ತು ದಪ್ಪಕ್ಕೆ ತಕ್ಕಂತೆ ದನಿಯ ಸ್ಥಾಯಿ ಬದಲಾಗುತ್ತದೆ. ಇಡೀ ಕಂಬದಲ್ಲಿ ಒಂದು ಅಡ್ಡ ಬಿರುಕಿದ್ದರೂ ಆ ನಾದ ಹುಟ್ಟುತ್ತಿರಲಿಲ್ಲ. ಈಗ ಕಂಬಗಳನ್ನು ತಟ್ಟುವುದಕ್ಕೆ ನಿಷೇಧವಿದೆ. ಸರಿಯಾದ ನಿಷೇಧ ಅದು. ಪ್ರತಿ ಪೆಟ್ಟೂ ಕಣ್ಣಿಗೆ ಕಾಣದ ಸೀಳೊಂದನ್ನು ತುಸು ಮುಂದೊತ್ತಬಹುದು. ಹಾಗೆ ಬೆಳೆದ ಸೀಳು ಮತ್ತೆ ಕೂಡಿಕೊಳ್ಳುವುದಿಲ್ಲ.

ದಾಟುವ ಬಗೆ

ದೇವಾಲಯದ ಬಳಿ ಹೊಳೆಗಿಳಿದರೆ ನೀರಿನಲ್ಲಿ ಕಲ್ಲುಕಂಬಗಳ ಸಾಲು ಕಾಣುತ್ತದೆ. ವಿಜಯನಗರ ಕಾಲದ ಸೇತುವೆಯ ಅವಶೇಷವಿದು. ಮೇಲಿನ ಹಾಸು ಹೋಗಿದೆ, ಕಂಬ ನಿಂತಿವೆ. ಸೇತುವೆ ಇಲ್ಲದ ಕಾಲಕ್ಕೂ ಇಲ್ಲದ ಜಾಗಕ್ಕೂ ಇದ್ದದ್ದು ಹರಿಗೋಲು. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಗೆ ಜನ ದಾಟುತ್ತಿದ್ದ ತೊಗಲು ಹೊದಿಸಿದ ದುಂಡು ದೋಣಿಗಳನ್ನೂ, ಅವು ಸುತ್ತುತ್ತಲೇ ಸಾಗುವುದನ್ನೂ ಬರೆದಿಟ್ಟಿದ್ದಾನೆ.

ದೋಣಿ ದುಂಡಗೇಕೆ? ಉತ್ತರ ಮತ್ತೆ ಹೊಳೆಯ ತಳದಲ್ಲಿದೆ. ಬಿರುಕಿನಲ್ಲಿ ಕಿತ್ತುಬಂದ ಗುಂಡುಗಳು ನೀರಿನಡಿ ಎಲ್ಲೆಂದರಲ್ಲಿ ಬಿದ್ದಿವೆ. ಆಳಕ್ಕೆ ಇಳಿಯುವ ದೋಣಿ ಬಡಿದು ಒಡೆಯುತ್ತದೆ. ಲೆಕ್ಕ ಹಾಕೋಣ. ಎರಡೂವರೆ ಮೀಟರ್ ಅಡ್ಡಗಲದ ಹರಿಗೋಲಿನ ತಳ ಸುಮಾರು 4.9 ಚದರ ಮೀಟರ್. ಹತ್ತು ಜನ ಕೂತರೆ, ಹರಿಗೋಲಿನ ಭಾರವೂ ಸೇರಿ 700 ಕಿಲೋ ಎಂದಿಟ್ಟುಕೊಳ್ಳಿ. ಅಷ್ಟು ಭಾರದ ನೀರನ್ನು ಪಕ್ಕಕ್ಕೆ ಸರಿಸಲು ಅದು 14 ಸೆಂಟಿಮೀಟರಿನಷ್ಟು ಇಳಿದರೆ ಸಾಕು, ಅರ್ಧ ಅಡಿಗೂ ಕಡಿಮೆ. ಬಿದಿರಿನ ಹೆಣಿಗೆ ಕಲ್ಲಿಗೆ ತಾಗಿದರೂ ಬಾಗುತ್ತದೆ, ಮುರಿಯುವುದಿಲ್ಲ. ಮೂತಿ, ಬಾಲ ಎಂಬುದಿಲ್ಲದ್ದರಿಂದ ಸುಳಿಯಲ್ಲಿ ತಿರುಗುತ್ತದೆ. ಅದನ್ನು ಹುಟ್ಟಿನಿಂದ ಹದದಲ್ಲಿಡುವುದು ಅಂಬಿಗನ ವಿದ್ಯೆ. ತೊಗಲಿನ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಆಕಾರ ಬದಲಾಗಿಲ್ಲ.

ಇಲ್ಲಿ ಹೊಸ ಸೇತುವೆ ಕಟ್ಟುವ ಪ್ರಯತ್ನವೂ ನಡೆದಿತ್ತು. ಅದರ ಕಾರಣಕ್ಕೆ ಹಂಪಿ 1999ರಲ್ಲಿ ಯುನೆಸ್ಕೊದ ಅಪಾಯದಲ್ಲಿರುವ ಪರಂಪರೆಯ ತಾಣಗಳ ಪಟ್ಟಿ ಸೇರಿತು, 2006ರಲ್ಲಿ ಹೊರಬಂತು. ತಳವಾರಘಟ್ಟದ ಸೇತುವೆ 2009ರ ಜನವರಿಯಲ್ಲಿ, ಕೆಲಸ ನಡೆಯುತ್ತಿದ್ದಾಗಲೇ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು.

ಸಂದಿಗಳಲ್ಲಿ ಬದುಕು

ಹೊಳೆಯ ಅಂಚಿನ ಬಂಡೆಯ ಮೇಲೆ ಮೀನಿನ ಪೊರೆ, ಮುಳ್ಳು ತುಂಬಿದ ಹಿಕ್ಕೆ ಕಂಡರೆ ಅಲ್ಲಿ ನೀರುನಾಯಿ ಓಡಾಡಿದೆ ಎಂದು ಅರ್ಥ. ಗುಂಪಾಗಿ ಬೇಟೆಯಾಡುವ, ನುಣುಪು ತುಪ್ಪಳದ ಈ ಪ್ರಾಣಿ ದಡದ ಬಂಡೆಗಳ ಸಂದಿನಲ್ಲಿ ಗೂಡು ಮಾಡಿ ಮರಿ ಸಾಕುತ್ತದೆ. 2015ರಲ್ಲಿ ಕರ್ನಾಟಕ ಸರ್ಕಾರ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ನದಿಯನ್ನು ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ದೇಶದಲ್ಲಿ ಇಂಥದ್ದು ಇದೇ ಮೊದಲು. ನಮ್ಮ ಹಾದಿಯ ಪಕ್ಕದ ನೀರೆಲ್ಲ ಇದರೊಳಗೇ ಬರುತ್ತದೆ. ಮೀನಿಗಾಗಿ ಸಿಡಿಮದ್ದು ಹಾಕುವುದು, ಮರಳು ತೆಗೆಯುವುದು, ದಂಡೆಯ ಬಂಡೆ ಒಡೆಯುವುದು ನೀರುನಾಯಿಗಳ ಬದುಕಿನ ಮೇಲೆ ನೇರವಾಗಿ ಬೀಳುವ ಪೆಟ್ಟು.

ಮಳೆ ಕಡಿಮೆಯ ಈ ಸೀಮೆಯಲ್ಲಿ ನೀರನ್ನು ಹಿಡಿದಿಡುವುದೂ ಬಿರುಕೇ. ಗ್ರಾನೈಟಿನ ಮೈಯೊಳಗೆ ನೀರಿಗೆ ಜಾಗವಿಲ್ಲ. ಬಾವಿಗೆ ಬರುವ ನೀರು ಸೀಳುಗಳಲ್ಲಿ ಇಂಗಿ ನಿಂತದ್ದು. ಬರಿ ಬಂಡೆಯ ಮೇಲೆ ಹಸಿರಾಗಿ ನಿಂತ ಬಸರಿ, ಅರಳಿ ಮರಗಳ ಬೇರನ್ನು ಹಿಂಬಾಲಿಸಿ ನೋಡಿದರೆ ಅವು ಯಾವುದೋ ಸೀಳಿನೊಳಕ್ಕೆ ಇಳಿದಿರುತ್ತವೆ. ಗುಡ್ಡದ ಬಂಡೆಗಳ ನಡುವಿನ ಪೊದೆಗಳಲ್ಲಿ ಹಳದಿ ಕೊರಳಿನ ಪಿಕಳಾರ ಇರುತ್ತದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಜಗತ್ತಿನ ಬೇರೆಲ್ಲೂ ಅದು ಸಿಗುವುದಿಲ್ಲ.

ಕಾಪಾಡಬೇಕಾದದ್ದು

ಹೊಳೆ ದಾಟಿ ಆನೆಗೊಂದಿಯ ಕೋಟೆಬಾಗಿಲ ಬಳಿ ನಿಂತಾಗ ಅದೇ ಕಲ್ಲು ಗೋಡೆಯಾಗಿದೆ, ಅದೇ ಗುಂಡುಗಳು ಗೋಡೆಗೆ ಆನಿಕೆಯಾಗಿವೆ. ಬಂಡೆಯಿರುವಲ್ಲಿ ಗೋಡೆ ಕಟ್ಟಿಲ್ಲ, ಸಂದಿರುವಲ್ಲಿ ಕಟ್ಟಿದ್ದಾರೆ. ಇದು ವಿಜಯನಗರದವರಿಂದ ಶುರುವಾದ ಜಾಣ್ಮೆಯೂ ಅಲ್ಲ. ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನಲ್ಲಿ, ಮೋರ್ಯರ ಗುಡ್ಡದ ಮೇಲೆ, ಎರಡು ಸಾವಿರ ವರ್ಷಕ್ಕೂ ಹಿಂದಿನ ಜನ ಸಹಜವಾಗಿ ಬಿಡಿಸಿಕೊಂಡ ಹಾಸುಗಲ್ಲುಗಳನ್ನು ನಿಲ್ಲಿಸಿ ನೂರಾರು ಕಲ್ಮನೆಗಳನ್ನು ಕಟ್ಟಿದ್ದಾರೆ.

1986ರಲ್ಲಿ ಹಂಪಿ ವಿಶ್ವ ಪರಂಪರೆಯ ತಾಣವಾದಾಗ ನಮ್ಮ ಗಮನ ಸ್ಮಾರಕಗಳ ಮೇಲಿತ್ತು. ಈ ದಾರಿ ನಡೆದವರಿಗೆ ಸ್ಮಾರಕ ಎಲ್ಲಿ ಮುಗಿಯಿತು, ಬಂಡೆ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ. ಗುಡಿ ಸೀಳಿದ ಬಂಡೆಯಿಂದ ಬಂತು, ಬಂಡೆ ಬಿರುಕಿನಿಂದ ಬಂತು, ನದಿ ಅದೇ ಬಿರುಕನ್ನು ಹಿಡಿದು ಬಂತು. ಹೀಗಿರುವಾಗ ಗುಡಿಯನ್ನು ಮಾತ್ರ ಬೇಲಿ ಹಾಕಿ ಕಾಪಾಡಿ, ಆಚೆಯ ಗುಡ್ಡವನ್ನು ಜಲ್ಲಿಗೆ, ಪಾಲಿಶ್ ಹಾಳೆಗೆ ಕಳಿಸಿದರೆ ನಾವು ಕಾಪಾಡಿದ್ದು ಅರ್ಧ ಮಾತ್ರ. ಕುಸಿದ ಮಂಟಪವನ್ನು ಕಲ್ಲಿಗೆ ಕಲ್ಲು ಹೊಂದಿಸಿ ಮತ್ತೆ ನಿಲ್ಲಿಸಬಹುದು, ನಮ್ಮ ಪುರಾತತ್ವ ಇಲಾಖೆಗಳಿಗೆ ಆ ಕೌಶಲವಿದೆ. ಕೋಟಿಗಟ್ಟಲೆ ವರ್ಷಗಳಲ್ಲಿ ಉರುಟಾಗಿ ನಿಂತ ಗುಂಡಿನ ರಾಶಿಯನ್ನು ಒಂದು ಮಧ್ಯಾಹ್ನದ ಸಿಡಿಮದ್ದು ಪುಡಿ ಮಾಡಿದರೆ, ಅದನ್ನು ಮತ್ತೆ ಪೇರಿಸಬಲ್ಲವರು ಯಾರೂ ಇಲ್ಲ. ಆದ್ದರಿಂದ ಹಂಪಿಯ ರಕ್ಷಣೆ ಎಂದಾಗ ಗುಡ್ಡ, ಗುಂಡು, ಹೊಳೆಯ ಪಾತ್ರ, ಅವುಗಳ ಸಂದುಗೊಂದುಗಳಲ್ಲಿ ಬದುಕುವ ಜೀವಗಳು ಎಲ್ಲವೂ ಒಂದೇ ಪಟ್ಟಿಯಲ್ಲಿರಬೇಕು.